ಅಲ್ಲಿನ ಗೋಡೆ, ನಮ್ಮೂರ ಒಗೆಯುವ ಕಲ್ಲು

ಪೋಲೆಂಡಿನ ವಿಸ್ತುಲಾ ನದಿಯ ದಡದಲ್ಲಿ ದೋಣಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಮ್ಮ ಊರಿನ ಚರಿತ್ರೆಯನ್ನೆಲ್ಲ ಹೇಳಿ ಮುಗಿಸಿ, "ನಿಮ್ಮ ಊರು ಎಷ್ಟು ಹಳೆಯದು?" ಎಂದರು. ಶಿಕಾರಿಪುರದ ಬಳಿಯ ಹಳ್ಳಿಯಲ್ಲಿ ಹದಿನೆಂಟು ವರ್ಷ ಬೆಳೆದ ನನ್ನಲ್ಲಿ ಉತ್ತರವಿರಲಿಲ್ಲ. ಆ ಚುಚ್ಚು ಇನ್ನೂ ಆರಿಲ್ಲ.

ಅವರ ಊರು ಕಜಿಮೆಶ್ ದೋಲ್ನಿ, ಪೋಲೆಂಡಿನ ಪುಟ್ಟ ಪಟ್ಟಣ. ನಾನಿರುವ ವಾರ್ಸಾದಿಂದ ಸುಮಾರು 140 ಕಿಲೋಮೀಟರ್. ಗಾಳಿ ತಂದು ಸುರಿದ ಹಳದಿ ಮಣ್ಣಿನ ದಿಬ್ಬಗಳನ್ನು ಮಳೆನೀರು, ಗಾಡಿಯ ಚಕ್ರಗಳು ಕೊರೆದು ಆಳವಾದ ಓಣಿಗಳನ್ನು ಮಾಡಿವೆ. 16, 17ನೇ ಶತಮಾನಗಳಲ್ಲಿ ಸುತ್ತಲಿನ ಧಾನ್ಯ ಇಲ್ಲಿನ ಕಣಜಗಳಿಗೆ ಬಂದು, ನದಿಯಲ್ಲಿ ಗ್ದಾನ್ಸ್ಕ್ ಬಂದರಿಗೆ ಇಳಿಯುತ್ತಿತ್ತು. ವ್ಯಾಪಾರಿ ಸೋದರರಿಬ್ಬರು 1615ರ ಸುಮಾರಿಗೆ ಕಟ್ಟಿಸಿದ, ಸಂತರ ಉಬ್ಬುಶಿಲ್ಪಗಳ ಮನೆಗಳು ಚೌಕದಲ್ಲಿ ಈಗಲೂ ಇವೆ. ಸ್ವೀಡನ್ನರ ದಾಳಿಯ ನಂತರ ಆ ಸಿರಿ ಮರಳಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಊರಂಚಿನ ಒಂದು ಗೋಡೆ. ಎರಡನೇ ಮಹಾಯುದ್ಧಕ್ಕೆ ಮೊದಲು ಇಲ್ಲಿನ ಜನರಲ್ಲಿ ಸುಮಾರು ಅರ್ಧದಷ್ಟು ಯಹೂದಿಗಳು. 1942ರಲ್ಲಿ ಜರ್ಮನ್ನರು ಅವರನ್ನು ಊರಿನಿಂದ ಅಟ್ಟಿ ಸಾವಿನ ಶಿಬಿರಗಳಿಗೆ ಕಳಿಸಿದರು. ಅವರ ಸಮಾಧಿಕಲ್ಲುಗಳನ್ನು ಕಿತ್ತು ನೆಲಕ್ಕೆ ಹಾಸಿದರು. ಆ ಕಲ್ಲುಗಳನ್ನು ಎಬ್ಬಿಸಿ, ಒಡೆದವನ್ನು ಒಡೆದಂತೆಯೇ ಜೋಡಿಸಿ 1984ರಲ್ಲಿ ಗೋಡೆ ಕಟ್ಟಿದ್ದಾರೆ. ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಬಿರುಕನ್ನು ಬೇಕೆಂದೇ ಬಿಟ್ಟಿದ್ದಾರೆ.

ಅಲ್ಲಿ ನಿಂತಾಗ ನೆನಪಾದದ್ದು ನಮ್ಮ ಹಿತ್ತಲ ಬಾವಿಯ ಪಕ್ಕದ ವೀರಗಲ್ಲು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ, ಅಂಚಿನಲ್ಲಿ ಎರಡು ಸಾಲು ಅಕ್ಷರ. ಅದರ ಮೇಲೆ ನಮ್ಮ ಮನೆಯ ಬಟ್ಟೆಗಳನ್ನು ಒಗೆಯುತ್ತಾರೆ. ತುರು ಕಾಯಲು ಹೋಗಿ ಸತ್ತವನೋ, ಊರನ್ನು ಉಳಿಸಿದವನೋ, ಅವನ ಹೆಸರು ಸೋಪಿನ ನೊರೆಯಡಿ ಸವೆಯುತ್ತಿದೆ. ಜರ್ಮನ್ನರು ದ್ವೇಷದಿಂದ ಮಾಡಿದ್ದನ್ನು ನಾವು ಯಾವ ದ್ವೇಷವೂ ಇಲ್ಲದೆ ಮಾಡುತ್ತಿದ್ದೇವೆ. ಇದನ್ನು ಯೋಚಿಸಿದರೆ ನನಗೆ ಸಿಟ್ಟು ಬರುತ್ತದೆ.

ನಮ್ಮಲ್ಲಿ ಯಾರೂ ಏನೂ ಮಾಡಿಲ್ಲವೆಂದಲ್ಲ, ಒಪ್ಪಲೇಬೇಕು. ಶಾಸನ ಓದಿ ಅಚ್ಚು ಹಾಕಿಸಲು ಮೈಸೂರು ಸಂಸ್ಥಾನದ ಶಾಸನತಜ್ಞ ಬಿ. ಎಲ್. ರೈಸ್ ಹಳ್ಳಿಹಳ್ಳಿ ಅಲೆದರು. ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ, ಕಿತ್ತಯ್ಯನೆಂಬ ವೀರನ ಕಲ್ಲಿಗೆ ಆಸಕ್ತರು ಸೇರಿ ಮಂಟಪ ಕಟ್ಟಿದ್ದಾರೆ. ಕಜಿಮೆಶ್‌ನಲ್ಲಿ ಗೋಡೆಯ ಆ ಕಲ್ಲುಗಳ ಮುಂದೆ ಪ್ರಾರ್ಥಿಸುವ ಯಹೂದಿ ಮನೆತನಗಳು ಉಳಿದಿಲ್ಲ. ನಮ್ಮಲ್ಲಿ ಹಾಗಲ್ಲ. ನಮ್ಮ ಅಮ್ಮ ಅಮಾವಾಸ್ಯೆಯ ದಿನ ವೀರಗಲ್ಲನ್ನು ತೊಳೆದು ಕುಂಕುಮ ಇಡುತ್ತಾರೆ, ಅಂದು ಅದರ ಮೇಲೆ ಬಟ್ಟೆ ಹಾಕುವುದಿಲ್ಲ.

ಒಗೆಯಲು ಬೇರೆ ಚಪ್ಪಡಿ ಹಾಕಿಸೆಂದು ತಮ್ಮನಿಗೆ ಹಣ ಕಳಿಸಿದ್ದೇನೆ. ಬೇಸಿಗೆಗೆ ಊರಿಗೆ ಹೋದಾಗ ಕಲ್ಲನ್ನು ಎತ್ತಿ ನಿಲ್ಲಿಸಿ, ಆ ಎರಡು ಸಾಲನ್ನು ಬಲ್ಲವರಿಂದ ಓದಿಸಬೇಕು.