ಪೈಪಿನ ಜಾತಿಗೆ ಕೊಟ್ಟ ನಂಬರ್ ಬದಲಿ ಮಾಡಬ್ಯಾಡ್ರಿ

ಒಂದ ಊರು, ಎರಡು ವಾರ್ಡು, ನೆಲದಾಗಿನ ನೀರಿನ ಪೈಪಿಂದು ಎರಡು ಎಕ್ಸೆಲ್ ಪಟ್ಟಿ. ಒಂದರಾಗ 3 ಅಂದ್ರ ಡಿಐ (ಡಕ್ಟೈಲ್ ಐರನ್, ಕಬ್ಬಿಣದ) ಪೈಪು, ಇನ್ನೊಂದರಾಗ 3 ಅಂದ್ರ ಎಸಿ (ಆಸ್ಬೆಸ್ಟಾಸ್ ಸಿಮೆಂಟ್) ಪೈಪು. ಎರಡೂ ಕೂಡಿಸಿ ಒಂದ ನಕ್ಷೆ ಮಾಡಿದ್ದು ಇವತ್ತು ನೋಡಿದೆ, ಇನ್ನೂ ಸಿಟ್ಟು ಇಳಿದಿಲ್ಲ. ನೆಲದಾಗಿನ ಆಸ್ಬೆಸ್ಟಾಸ್ ಸಿಮೆಂಟಿನ ಪೈಪು ಕಂಪ್ಯೂಟರಿನ್ಯಾಗ ಕಬ್ಬಿಣದ್ದಾಗ್ಯದ. ತಪ್ಪು ಅಂತ ಅದು ಹೇಳೂದಿಲ್ಲ, ಅದರ ಲೆಕ್ಕಕ್ಕ 3 ಸರಿಯಾದ ನಂಬರೇ.

ನಮ್ಮ ವಿಜಯಪುರ, ಬಾಗಲಕೋಟಿ ಕಡಿ ಎರಿ ಭೂಮಿ ಬ್ಯಾಸಗ್ಯಾಗ ಬಿರೀತದ, ಮಳಿಗೆ ಉಬ್ತದ. ಆ ಎಳದಾಟಕ್ಕ ಎಸಿ ಪೈಪು, ಹಳೇ ಬೀಡಿನ (ಎರಕದ ಕಬ್ಬಿಣದ) ಪೈಪು ಅಡ್ಡ ಸೀಳ್ತಾವ. ಯಾವ ಓಣಿದು ಮೊದಲು ಬದಲಿ ಮಾಡಬೇಕು ಅಂತ ಪಟ್ಟಿ ತಗಿಯೂದು ಇದ ನಂಬರ್, ಅಂದ್ರ ಕೋಡ್ ನೋಡಿ. ಕೋಡ್ ತಪ್ಪಿದ್ರ ಸೀಳೂ ಪೈಪು ಪಟ್ಟ್ಯಾಗ ಬರೂದೇ ಇಲ್ಲ.

ರಿಪೇರಿಗೆ ಹೋಗೋರ ಪಾಡು ನೋಡ್ರಿ. 100 ಎಂಎಂ ಡಿಐ ಪೈಪಿನ ಹೊರಗಿನ ಅಳತಿ 118 ಎಂಎಂ. 110ರ ಎಚ್‌ಡಿಪಿಇ (ಒಂದು ಥರದ ಪ್ಲಾಸ್ಟಿಕ್ ಪೈಪು) ಅಂದ್ರ ಹೊರಗಿನ ಅಳತೀನೇ 110. ಡಿಐ ಕ್ಲಾಂಪ್ (ಸೋರೂ ಜಾಗಾಕ್ಕ ಬಿಗಿಯೂ ಪಟ್ಟಿ) ಹಿಡ್ಕೊಂಡು ಹೋಗಿ ತಗ್ಗು ತೋಡಿದ ಮ್ಯಾಲ ಎಚ್‌ಡಿಪಿಇ ಕಂಡ್ರ ಮತ್ತ ಸ್ಟೋರಿಗೆ ಓಡಬೇಕು, ಅಲ್ಲೀತನಕ ಓಣಿಗೆ ನೀರಿಲ್ಲ. ಎಸಿ ಇದ್ದ್ರ ಇನ್ನೂ ಕೆಟ್ಟದ್ದು. ಅದನ್ನ ತೊಯ್ಸಿ, ಮಾಸ್ಕ್ ಹಾಕ್ಕೊಂಡು ಕೈಗರಗಸದಿಂದ ಕೊಯ್ಯಬೇಕು. ಡಿಐ ಅಂತ ತಿಳ್ಕೊಂಡು ಬರೇ ಗ್ರೈಂಡರ್ ತಂದವರು ಅದನ್ನ ಹಚ್ಚಿದ್ರ ಆಸ್ಬೆಸ್ಟಾಸ್ ಧೂಳು ಸೀದಾ ಎದಿಗೆ.

ಪೈಪಿನ್ಯಾಗ ಒತ್ತಡ ಎಷ್ಟು ಇಳೀತದ ಅಂತ ತಗಿಯೂ ಹೇಜನ್-ವಿಲಿಯಮ್ಸ್ ಲೆಕ್ಕಾನೂ ಹಂಗ. ಅದರಾಗ ಸಿ ಅಂದ್ರ ಪೈಪಿನ ಒಳಮೈ ಎಷ್ಟು ನುಣುಪು ಅನ್ನೂ ಅಂಕಿ. ಹಳೇ ಬೀಡಿಗೆ ಸಿ 100, ಸಿಮೆಂಟ್ ಲೈನಿಂಗ್ ಇದ್ದ ಡಿಐಗೆ 140 ಹಿಡಿದ್ರ, ಅದ ಅಳತಿ, ಅದ ಹರಿವಿಗೆ ಬೀಡಿನ್ಯಾಗ ಒತ್ತಡದ ನಷ್ಟ ಸುಮಾರು 1.86 ಪಟ್ಟು. ನೀರಿನ ಜಾಲದ ಮಾಡೆಲ್ ಮಾಡೂ ಸಾಫ್ಟ್‌ವೇರ್ ಇಪಿಎನೆಟ್ಟಿಗೆ ಪೈಪಿನ ಜಾತಿ ಬೇಕಾಗಿಲ್ಲ, ಈ ಸಿ ಅಂಕಿ ಸಾಕು. ಅದನ್ನ ನಾವು ತುಂಬೂದು ಕೋಡ್ ನೋಡೇ. ಬೀಡಿಗೆ ಡಿಐ ಕೋಡ್ ಬಿದ್ದ್ರ ಕೊನೀ ಮನಿಗೆ ನೀರು ಏರ್ತದ ಅಂತ ಮಾಡೆಲ್ ಹೇಳ್ತದ, ನಳದಾಗ ಬರೂದಿಲ್ಲ.

ಮೂಲ ತಪ್ಪು ಒಂದ: ಸಾಲಿನ ನಂಬರನ್ನೇ ಕೋಡ್ ಮಾಡೂದು. ನಡುವ ಜಿಐ (ಸತು ಲೇಪದ ಕಬ್ಬಿಣ) ಸೇರಿಸ್ತಾರ, ಕೆಳಗಿನವು ಎಲ್ಲಾ ಸರೀತಾವ. "ಈಗ ಎಸಿ ಯಾರ ಹಾಕ್ತಾರ್ರೀ" ಅಂತ ಅದನ್ನ ತಗದು, ಆ ನಂಬರ್ ಎಚ್‌ಡಿಪಿಇಗೆ ಕೊಡ್ತಾರ. ಹೊಸದು ಹಾಕದಿದ್ರೂ, ನೆಲದಾಗ ಇದ್ದದ್ದು ಎಲ್ಲಿ ಹೋಗ್ತದ?

"ನಂಬರ್ ಯಾಕ, ಹೆಸರೇ ಬರೀರಿ" ಅನ್ನೋರು ಅದಾರ. ಬರದಾರ ನೋಡ್ರಿ: ಪಿವಿಸಿ, ಪಿ.ವಿ.ಸಿ., ಯುಪಿವಿಸಿ, ಡಿಐ, ಡಿಐ ಕೆ7, ಡಿಐ ಕೆ9. ಹೆಸರು ಆರು, ಜಾತಿ ಎರಡ. ಕೆ7, ಕೆ9 ಅಂದ್ರ ದಪ್ಪದ ದರ್ಜೆ, ಅದಕ್ಕ ಬ್ಯಾರೆ ಕಾಲಮ್ ಬೇಕು.

ನಡುವ ಜಾಗಾ ಬಿಟ್ಟು ನಂಬರ್ ಕೊಡ್ರಿ. ಬೀಡು 10, ಡಿಐ 20, ಎಂಎಸ್ (ಮೈಲ್ಡ್ ಸ್ಟೀಲ್) 30, ಜಿಐ 40, ಎಸಿ 50, ಪಿವಿಸಿ 60, ಎಚ್‌ಡಿಪಿಇ 70. ಗೊತ್ತಿಲ್ಲದ್ದಕ್ಕ 99. ಸೊನ್ನಿ ಬ್ಯಾಡ, ಎಕ್ಸೆಲ್ಲಿನ್ಯಾಗ ಬ್ಯಾರೆ ಪಟ್ಟಿಯಿಂದ ಅಂಕಿ ತರೂ ಲುಕಪ್ ಹಾಕಿದಾಗ ಖಾಲಿ ಸೆಲ್ಲೂ ಸೊನ್ನಿ ಆಗೇ ಬರ್ತದ. ಪೈಪು ಪೂರಾ ಕಿತ್ತು ಹಾಕಿದ್ರೂ ಅದರ ನಂಬರ್ ಬ್ಯಾರೆದಕ್ಕ ಕೊಡಬ್ಯಾಡ್ರಿ.

ಕೆಟ್ಟ ಪಟ್ಟಿ ತಿದ್ದೂಮುಂದ ಫೈಂಡ್-ರಿಪ್ಲೇಸ್ ಮಾಡಿದ್ರ ಮುಗೀತು ಕಥಿ. 3 ಇದ್ದದ್ದು 5 ಮಾಡಿ, ಆಮ್ಯಾಲ 5 ಇದ್ದದ್ದು 3 ಮಾಡಿದ್ರ ಎರಡೂ ಜಾತಿ 3ರಾಗ ಕೂಡ್ತಾವ, ಬಿಡಿಸಾಕ ಬರೂದಿಲ್ಲ. ಹಳೇ ಕಾಲಮ್ ಹಂಗ ಇಟ್ಟು ಬಾಜೂಕ ಹೊಸದು ತಗೀರಿ. ವಾರ್ಡು, ಹಳೇ ಕೋಡು, ಹೊಸ ಕೋಡು ಅಂತ ಒಂದು ಸಣ್ಣ ಪಟ್ಟಿ ಮಾಡಿ ಅದರಿಂದ ತುಂಬ್ರಿ. ಆಮ್ಯಾಲ ವಾರ್ಡಿನ ಪ್ರಕಾರ ಒಂದೊಂದು ಜಾತಿದು ಒಟ್ಟು ಉದ್ದ ಮೊದಲ ಎಷ್ಟಿತ್ತು, ಈಗ ಎಷ್ಟದ, ತಾಳೆ ಹಾಕಿ ನೋಡ್ರಿ. ಒಂದು ಮೀಟರ್ ಫರಕ್ ಬಂದ್ರೂ ಕೂಡಿಸಬ್ಯಾಡ್ರಿ. ಸಂಶೇ ಇದ್ದ ಓಣಿಗೆ ನೀರು ಬಿಡೂ ವಾಲ್‌ಮನ್ನರನ್ನ ಕರ್ಕೊಂಡು ಹೋಗ್ರಿ, ಎಲ್ಲಿ ಯಾವ ಪೈಪು ಅದ ಅಂತ ಅವರು ತೋರಸ್ತಾರ.