ಕಾರವಾರದವರು ಕಡಲು ನೋಡಲು ಹೋದದ್ದು

ಕಾರವಾರದಲ್ಲಿ ಹುಟ್ಟಿ, ಕಾರವಾರದಲ್ಲೇ ನೌಕರಿ ಮಾಡಿ, ಅಲ್ಲಿಯೇ ನಿವೃತ್ತನಾದ ನನಗೆ ಸಮುದ್ರವನ್ನು ನೋಡುವ ಯೋಗ ಕೂಡಿಬಂದದ್ದು ಅರವತ್ತೊಂದನೆಯ ವಯಸ್ಸಿನಲ್ಲಿ, ಅದೂ ಮುಂಬಯಿಯಲ್ಲಿ. ನಮ್ಮ ಮನೆಯ ಹಿತ್ತಿಲಿನಿಂದ ಮುನ್ನೂರು ಹೆಜ್ಜೆ ನಡೆದರೆ ಸಿಗುವ ನೀರನ್ನು ನಾವು ಸಮುದ್ರವೆಂದು ಲೆಕ್ಕಕ್ಕೆ ಹಿಡಿದವರಲ್ಲ. ಅದು ಕಿಟಕಿಯ ಸರಳಿಗೆ ತುಕ್ಕು ಹಿಡಿಸುವ, ಉಪ್ಪಿನ ಡಬ್ಬಿಯನ್ನು ನೀರಾಗಿಸುವ, ಆಷಾಢದಲ್ಲಿ ರಾತ್ರಿಯಿಡೀ ಗುಡುಗುತ್ತ ನಿದ್ದೆಗೆಡಿಸುವ ಒಬ್ಬ ತಂಟೆಕೋರ ನೆರೆಮನೆಯವ. ಊರಿನ ಹೊಸ ಮನೆಗಳೆಲ್ಲ ಅದಕ್ಕೆ ಬೆನ್ನುಹಾಕಿ ಹೆದ್ದಾರಿಗೆ ಮುಖಮಾಡಿ ನಿಂತಿವೆ. ಸಮುದ್ರವೆಂದರೆ ಅದಕ್ಕೊಂದು ಟಿಕೆಟ್ಟಿರಬೇಕು, ಟಿಕೆಟ್ಟಿನ ಮೇಲೆ ಜಿಎಸ್‌ಟಿ ಇರಬೇಕು, ಒಳಗೆ ಹೋಗುವ ಮುನ್ನ ಯಾರಾದರೂ ನಮ್ಮ ಕೈಚೀಲವನ್ನು ಎಕ್ಸ್‌ರೇ ಯಂತ್ರದಲ್ಲಿ ಹಾಯಿಸಬೇಕು. ಆಗ ಮಾತ್ರ ಅದು ನೋಡಲು ಯೋಗ್ಯವಾಗುತ್ತದೆ.

ಹೀಗಾಗಿ ಮಗ ಬೆಂಗಳೂರಿನಿಂದ ಆನ್‌ಲೈನಿನಲ್ಲಿ ನಮಗಾಗಿ ಕ್ರೂಸ್ ಟಿಕೆಟ್ಟು ಕಾದಿರಿಸಿದಾಗ, ಪ್ರಯಾಣದ ನಕ್ಷೆಯನ್ನು ನೋಡಿ ನನಗೆ ಕಿಂಚಿತ್ತೂ ಆಶ್ಚರ್ಯವಾಗಲಿಲ್ಲ. ಸಂಜೆ ನಮ್ಮೂರ ಶಿರವಾಡದ ರೈಲು ನಿಲ್ದಾಣದಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ, ರಾತ್ರಿಯಿಡೀ ಉತ್ತರಕ್ಕೆ ಪ್ರಯಾಣಿಸಿ ಮುಂಬಯಿ ತಲುಪಬೇಕು. ಅಲ್ಲಿ ಹಡಗು ಹತ್ತಿ, ಮರುದಿನವೆಲ್ಲ ದಕ್ಷಿಣಕ್ಕೆ ತೇಲಿ, ಕಾರವಾರದ ಎದುರಿನ ಕಡಲಲ್ಲೇ ಹಾದು, ಕೊಚ್ಚಿಗೆ ಹೋಗಬೇಕು. ಅಂದರೆ ನಮ್ಮ ಮನೆಯ ಎದುರಿಗೆ ಬರುವುದಕ್ಕಾಗಿ ನಾವು ಮುಂಬಯಿಗೆ ಹೋಗಬೇಕು. 1883ರಲ್ಲಿ ಈ ಏರ್ಪಾಡು ಇರಲಿಲ್ಲ. ಆ ಹಿಂದುಳಿದ ಕಾಲದಲ್ಲಿ ಇಪ್ಪತ್ತೆರಡು ವರ್ಷದ ರವೀಂದ್ರನಾಥ ಟ್ಯಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು, ಕಡಲ ಕರೆಯಲ್ಲಿ ನಾಟಕವೊಂದನ್ನು ಬರೆದು, ಮರಳುವಾಗ ಸ್ಟೀಮರಿನ ಡೆಕ್ಕಿನ ಮೇಲೆ ಕುಳಿತು ಅದರ ಹಾಡುಗಳನ್ನು ಬರೆಯುತ್ತ, ಹಾಡಿಕೊಳ್ಳುತ್ತ ಹೋದರು. ಅದನ್ನು ಅವರೇ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಪ್ರಗತಿಯೆಂದರೆ ಇದು: ಈಗ ಅವರ ಹೆಸರಿನ ಕಡಲತೀರ ನಮ್ಮಲ್ಲಿದೆ, ಆ ಮರಳಿನ ಮೇಲೆ ನಿಲ್ಲಿಸಿದ ಐಎನ್‌ಎಸ್ ಚಪಲ್ ಎಂಬ ನಿವೃತ್ತ ಯುದ್ಧನೌಕೆಯೂ ಇದೆ, ಪಕ್ಕದ ಅರಗಾದಲ್ಲಿ ವಿಮಾನವಾಹಕ ನೌಕೆಯೇ ಬಂದು ತಂಗುವಷ್ಟು ದೊಡ್ಡ ನೌಕಾನೆಲೆಯೂ ಇದೆ. ಟಿಕೆಟ್ಟು ಕೊಂಡವನನ್ನು ಹತ್ತಿಸಿಕೊಂಡು ಹೊರಡುವ ಹಡಗು ಮಾತ್ರ ಇಲ್ಲ.

ನನ್ನ ಮತ್ತು ನನ್ನ ಹೆಂಡತಿಯ ಜೊತೆಗೆ ಬಂದವರು ಶಿರಸಿಯ ಅಡಿಕೆ ಬೆಳೆಗಾರನಾದ ನನ್ನ ಹಳೆಯ ಗೆಳೆಯ ಮತ್ತು ಅವರ ಪತ್ನಿ. ಹಡಗಿನಲ್ಲಿ ತಲೆಸುತ್ತು ಬರುತ್ತದೆಂದು ಕೇಳಿ ಇಡೀ ಪೇಟೆಯೇ ಅವರಿಗೆ ಉಪದೇಶ ಮಾಡಿತ್ತು. ಶುಂಠಿ ಅಗಿಯಿರಿ, ಹಸಿರು ಸೇಬು ತಿನ್ನಿರಿ, ದಿಗಂತವನ್ನೇ ನೋಡುತ್ತಿರಿ, ಮಾತ್ರೆಯನ್ನು ಹೊಟ್ಟೆ ತೊಳಸತೊಡಗಿದ ಮೇಲಲ್ಲ, ಅದಕ್ಕೂ ಮೊದಲೇ ನುಂಗಿರಿ. ಇವೆಲ್ಲ ಸರಿಯಾದ ಸಲಹೆಗಳೇ. ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕ್ಯಾಬಿನ್ನು ತೆಗೆದುಕೊಂಡರೆ ತೂಗಾಟ ಕಡಿಮೆ ಎಂಬುದೂ ನಿಜ. ತೊಟ್ಟಿಲಿನ ನಡುವಿಗಿಂತ ತುದಿ ಹೆಚ್ಚು ಏರಿಳಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ದೇವಿಮನೆ ಘಟ್ಟದ ತಿರುವುಗಳಲ್ಲಿ, ಶಿರಸಿ–ಕುಮಟಾ ಬಸ್ಸಿನ ಹಿಂಬದಿಯ ಸೀಟಿನಲ್ಲಿ ಕುಳಿತು, ಲಿಂಬೆಹಣ್ಣನ್ನು ಮೂಸುತ್ತ ನಲವತ್ತು ವರ್ಷ ಓಡಾಡಿದ ಹೊಟ್ಟೆಗೆ ಅರಬ್ಬಿ ಸಮುದ್ರವು ಏನು ತಾನೇ ಮಾಡೀತು? ಇಡೀ ಪ್ರವಾಸದಲ್ಲಿ ಅವರ ಹೊಟ್ಟೆ ಒಮ್ಮೆ ಮಾತ್ರ ಕೆಟ್ಟಿತು. ಅದರ ವಿಷಯ ಮುಂದೆ ಬರುತ್ತದೆ.

ಹಡಗು ಹತ್ತುವವರು ತಿಳಿದಿರಬೇಕಾದ ಮೊದಲ ಸಂಗತಿಯೆಂದರೆ, ಬಂದರಿನಲ್ಲಿ ನಮ್ಮಿಂದ ಪಡೆದ ದೊಡ್ಡ ಪೆಟ್ಟಿಗೆ ಕ್ಯಾಬಿನ್ನಿನ ಬಾಗಿಲಿಗೆ ಬರುವುದು ಸಂಜೆಯ ಹೊತ್ತಿಗೆ, ಆದ್ದರಿಂದ ಬಿ.ಪಿ. ಮಾತ್ರೆ, ಗುರುತಿನ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು. ಇಸ್ತ್ರಿಪೆಟ್ಟಿಗೆಯನ್ನು ಬಿಡುವುದಿಲ್ಲ, ಎಕ್ಸ್‌ಟೆನ್ಷನ್ ಬೋರ್ಡನ್ನೂ ಬೆಂಕಿಯ ಭಯದಿಂದ ಹಲವು ಹಡಗುಗಳಲ್ಲಿ ಕಸಿದುಕೊಳ್ಳುತ್ತಾರೆ. ಕ್ಯಾಬಿನ್ನಿನ ಗೋಡೆಗಳು ಸಾಮಾನ್ಯವಾಗಿ ಉಕ್ಕಿನವಾದ್ದರಿಂದ ಆಯಸ್ಕಾಂತದ ಕೊಕ್ಕೆಗಳನ್ನು ಒಯ್ದರೆ ಒದ್ದೆ ಪಂಚೆ ಒಣಗಿಸಬಹುದು. ಮನೆಯ ತಿಂಡಿಗೆ ಪ್ರವೇಶವಿಲ್ಲ. ಈ ನಿಯಮವನ್ನು ಓದದ ನನ್ನ ಗೆಳೆಯನ ಚೀಲದಿಂದ ತೊಡೆದೇವು, ಹಲಸಿನ ಹಪ್ಪಳ, ಅಪ್ಪೆಮಿಡಿಯ ಬಾಟಲಿ ಒಂದೊಂದಾಗಿ ಮೇಜಿನ ಮೇಲೆ ಬಂದಾಗ, ಭದ್ರತಾ ಸಿಬ್ಬಂದಿ ಅವನ್ನು ಮಾದಕವಸ್ತುಗಳನ್ನು ನೋಡುವ ಗಾಂಭೀರ್ಯದಿಂದ ನೋಡಿದರು. ಕವಳದ (ಎಲೆಯಡಿಕೆಯ) ಸಂಚಿ ಮಾತ್ರ ಹೇಗೋ ಪಾರಾಯಿತು. ಆದರೆ ಕಣ್ಣು ಹಾಯಿಸಿದಷ್ಟು ದೂರ ನೀರೇ ಇದ್ದರೂ ಉಗುಳಲು ಎಲ್ಲಿಯೂ ಅವಕಾಶವಿಲ್ಲದ ಸ್ಥಳದಲ್ಲಿ ಕವಳವಿದ್ದು ಏನು ಪ್ರಯೋಜನ? ಅವರ ಹೊಟ್ಟೆ ಕೆಟ್ಟದ್ದು ಆಗಲೇ. ಎರಡನೆಯ ದಿನ ಅವರು ರಸವನ್ನು ನುಂಗಿಬಿಟ್ಟಿದ್ದರು.

ಹಡಗು ಬಿಡುವ ಮುನ್ನ ಸುರಕ್ಷತಾ ಕವಾಯತು ನಡೆಯಿತು. ಏಳು ಚಿಕ್ಕ ಸೀಟಿ, ಒಂದು ಉದ್ದನೆಯ ಸೀಟಿ ಕೇಳಿದರೆ ಎಲ್ಲವನ್ನೂ ಬಿಟ್ಟು ನಮ್ಮ ಕಾರ್ಡಿನ ಮೇಲೆ ಬರೆದ ಜಾಗಕ್ಕೆ ಹೋಗಿ ನಿಲ್ಲಬೇಕು. 2012ರ ಜನವರಿ 13ರಂದು ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು ಮಗುಚಿ 32 ಮಂದಿ ಸತ್ತಾಗ, ಅಂದೇ ಹಡಗು ಹತ್ತಿದ್ದ ನೂರಾರು ಜನರಿಗೆ ಕವಾಯತು ಇನ್ನೂ ಆಗಿರಲೇ ಇಲ್ಲ. ಆ ಬಳಿಕ ನಿಯಮವನ್ನು ಬಿಗಿಗೊಳಿಸಿ, 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ತಕ್ಷಣವೇ ಇದು ನಡೆಯಬೇಕೆಂದು ವಿಧಿಸಲಾಗಿದೆ. ತಪ್ಪಿಸಿಕೊಳ್ಳುವವರನ್ನು ಹೆಸರು ಹಿಡಿದು ಕರೆಯುತ್ತಾರೆ. ಜೀವರಕ್ಷಕ ಅಂಗಿಯ ಪಟ್ಟಿಯನ್ನು ಬಿಗಿಯುವುದು ಹೇಗೆಂದು ಯುವತಿಯೊಬ್ಬಳು ತೋರಿಸುತ್ತಿದ್ದರೆ, ನನ್ನ ಸುತ್ತಲಿನವರು ಅವಳನ್ನು ಹಿನ್ನೆಲೆಯಾಗಿಟ್ಟುಕೊಂಡು ಸೆಲ್ಫಿ ತೆಗೆಯುತ್ತಿದ್ದರು. ನಾನು ಮಾತ್ರ ಶ್ರದ್ಧೆಯಿಂದ ನೋಡಿದೆ. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ, ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿದ್ದನ್ನು ಕಾರವಾರದವರು ಮರೆತಿಲ್ಲ. ನಮ್ಮ ಕಡೆಯ ತಾರಿದೋಣಿಯಲ್ಲಿ ನಾನು ಈ ಅಂಗಿಯ ಬಗ್ಗೆ ವಿಚಾರಿಸಿದಾಗ ಸಿಕ್ಕ ಉತ್ತರ, ‘ನಿಮಗೆ ಈಜು ಬರೂದಿಲ್ಲನ್ರೀ?’ ಎಂಬುದು. ಅಷ್ಟೇಕೆ, 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ಚಾಲಕನ ಸಮೇತ ನೀರಿಗೆ ಬಿದ್ದ ಮೇಲೆ (ಪುಣ್ಯಕ್ಕೆ ಚಾಲಕ ಬದುಕಿದ), ನಮ್ಮ ಜಿಲ್ಲೆಯಲ್ಲಿ ಇಂಥ ಅಂಗಿಯನ್ನು ರಸ್ತೆಯ ಮೇಲೆ ಹೋಗುವವರಿಗೂ ಹಂಚುವುದು ಒಳ್ಳೆಯದೆಂದು ನನಗೆ ಅನ್ನಿಸಿದ್ದುಂಟು.

ಕವಾಯತು ಮುಗಿದೊಡನೆ ಜನರು ಸಮುದ್ರವನ್ನು ಮರೆಯುವ ಮುಖ್ಯ ಕಾರ್ಯಕ್ರಮಕ್ಕೆ ತೊಡಗಿದರು. ಇದು ಕ್ರೂಸಿನ ನಿಜವಾದ ವಿದ್ಯೆ. 2024ರ ಜನವರಿಯಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದ ಸೀಸ್’ ಎಂಬ ಹಡಗು 365 ಮೀಟರ್ ಉದ್ದವಿದ್ದು, ಇಪ್ಪತ್ತು ಅಂತಸ್ತುಗಳನ್ನು ಹೊಂದಿದೆ. ಸುತ್ತಲೂ ಮುಗಿಯದಷ್ಟು ನೀರಿರುವಾಗ ಅದರ ಮೇಲೆ ಏಳು ಈಜುಕೊಳಗಳನ್ನು ಕಟ್ಟಿದ್ದಾರೆ. ಸಮುದ್ರವನ್ನು ನೋಡಲು ಬಂದವನಿಗೆ ಅಗ್ಗದ ದರದಲ್ಲಿ ಸಿಗುವುದು ಕಿಟಕಿಯೇ ಇಲ್ಲದ ಕ್ಯಾಬಿನ್ನು. ಅವನ ದುಃಖವನ್ನು ಕಂಡು 2014ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಯು ಅಂಥ ಕ್ಯಾಬಿನ್ನಿನ ಗೋಡೆಗೆ ನೆಲದಿಂದ ಛಾವಣಿಯವರೆಗೆ ಪರದೆ ಹಾಕಿ, ಹೊರಗೆ ಕ್ಯಾಮೆರಾ ಇರಿಸಿ, ಅದೇ ಹಡಗಿನ ಹೊರಗಿನ ಸಮುದ್ರವನ್ನು ಒಳಗೆ ನೇರಪ್ರಸಾರ ಮಾಡತೊಡಗಿತು. ಅದೇ ಕಂಪನಿಯ 2009ರ ‘ಓಯಸಿಸ್ ಆಫ್ ದ ಸೀಸ್’ ಇನ್ನೂ ಒಂದು ಹೆಜ್ಜೆ ಮುಂದೆ: ಹಡಗಿನ ನಡುವೆ ಹನ್ನೆರಡು ಸಾವಿರಕ್ಕೂ ಹೆಚ್ಚು ಗಿಡಗಳ ಒಂದು ತೋಟ, ಆ ತೋಟಕ್ಕೆ ಮುಖಮಾಡಿದ ಬಾಲ್ಕನಿಗಳು. ಈ ವಿಷಯವನ್ನು ಹೇಳಿದಾಗ ಶಿರಸಿಯ ಗೆಳೆಯ ಬಹಳ ಹೊತ್ತು ಮಾತನಾಡಲಿಲ್ಲ. ಸಾವಿರಾರು ಮೈಲಿ ಸಮುದ್ರದ ಮೇಲೆ ಹೋಗಿ, ಬಾಲ್ಕನಿಗೆ ಪ್ರತ್ಯೇಕ ಹಣ ಕೊಟ್ಟು, ತೋಟ ನೋಡುವ ಜನರಿದ್ದಾರೆಂದು ಗೊತ್ತಿದ್ದರೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತ ತಾನು ಇಷ್ಟು ವರ್ಷ ಯಾಕೆ ಕಷ್ಟಪಟ್ಟೆನೆಂದು ಅವರು ಆಮೇಲೆ ಕೇಳಿದರು.

ನಮ್ಮ ಹಡಗು ಅಷ್ಟು ದೊಡ್ಡದಲ್ಲ. ಒಂದೇ ಕೊಳ, ಅದರ ಸುತ್ತ ಒರಗುಕುರ್ಚಿಗಳು. ಬೆಳಿಗ್ಗೆ ಆರೂವರೆಗೆ ಹೋದಾಗ ಅಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ, ಆದರೆ ಪ್ರತಿಯೊಂದು ಕುರ್ಚಿಯ ಮೇಲೂ ಒಂದು ಟವೆಲ್ ಮಲಗಿತ್ತು. ಕ್ರೂಸ್ ಜಗತ್ತಿನಲ್ಲಿ ಇದು ಬಹುದೊಡ್ಡ ವಿವಾದವಂತೆ. ಇಷ್ಟು ಹೊತ್ತು ಖಾಲಿ ಬಿಟ್ಟ ಕುರ್ಚಿಯ ಟವೆಲನ್ನು ಸಿಬ್ಬಂದಿ ತೆಗೆದುಹಾಕುತ್ತಾರೆಂದು ಕೆಲವು ಹಡಗುಗಳಲ್ಲಿ ನಿಯಮವನ್ನೇ ಬರೆದು ಹಾಕಿದ್ದಾರೆ. ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ ಎಸೆದು ಮೂವರ ಸೀಟು ಹಿಡಿಯುವ ನಮಗೆ ಇದನ್ನು ಕಂಡು ತವರುಮನೆಗೆ ಬಂದಂತಾಯಿತು. ವ್ಯತ್ಯಾಸ ಒಂದೇ: ಬಸ್ಸಿನಲ್ಲಿ ಕರವಸ್ತ್ರ ನಮ್ಮದಾಗಿರುತ್ತದೆ, ಇಲ್ಲಿ ಟವೆಲೂ ಹಡಗಿನದು, ಕಳೆದುಹೋದರೆ ಹಲವು ಹಡಗುಗಳಲ್ಲಿ ದಂಡ ನಮ್ಮದು.

ಊಟದ ವಿಷಯಕ್ಕೆ ಬಂದರೆ, ಕೈಯನ್ನು ಸೋಪು ಮತ್ತು ನೀರಿನಿಂದಲೇ ತೊಳೆಯಿರಿ. ಹಡಗುಗಳಲ್ಲಿ ಹಬ್ಬುವ, ವಾಂತಿಭೇದಿ ತರುವ ನೊರೊವೈರಸ್ಸು ಸ್ಯಾನಿಟೈಸರಿಗೆ ಅಷ್ಟಾಗಿ ಅಂಜುವುದಿಲ್ಲ. ನಲ್ಲಿಯಲ್ಲಿ ಬರುವುದು ಬಹುಪಾಲು ಕಡಲ ನೀರನ್ನೇ ಸಿಹಿ ಮಾಡಿದ ನೀರು. ಏಪ್ರಿಲ್ ಬಂದರೆ ಬಾವಿಯ ಸಿಹಿನೀರೇ ಉಪ್ಪಾಗುವ ಊರಿನಿಂದ ಹೋದ ನನ್ನ ಹೆಂಡತಿ ಆ ನಲ್ಲಿಯನ್ನು ಸುಮಾರು ಹೊತ್ತು ಗೌರವದಿಂದ ನೋಡುತ್ತಿದ್ದಳು. ಬುಫೆಯಲ್ಲಿ ಎಲ್ಲವೂ ಇತ್ತು, ಜೈನರ ಅಡುಗೆಯೂ ಇತ್ತು. ಮೀನೂ ಇತ್ತು, ಆದರೆ ಅದಕ್ಕೆ ಮುಳ್ಳಿರಲಿಲ್ಲ, ವಾಸನೆಯಿರಲಿಲ್ಲ, ರುಚಿಯೆಂಬುದು ಸಾಸಿನ ಹೊಣೆಯಾಗಿತ್ತು. ಯಾವ ಮೀನೆಂದು ಕೇಳಿದಾಗ ಬಾಣಸಿಗ ಹೆಮ್ಮೆಯಿಂದ ‘ಬಾಸಾ’ ಎಂದ. ವಿಯೆಟ್ನಾಮಿನ ಸಿಹಿನೀರಿನಲ್ಲಿ ಸಾಕಿ, ಮಂಜುಗಡ್ಡೆ ಮಾಡಿ ದೇಶದೇಶಕ್ಕೆ ಕಳುಹಿಸುವ ಆ ಬಡಪ್ರಾಣಿಯನ್ನು, ಕೆಳಗೆ ಬಂಗಡೆಯ ಹಿಂಡು ಹಾಯುತ್ತಿರಬಹುದಾದ ಅರಬ್ಬಿ ಸಮುದ್ರದ ಮೇಲೆ, ಮೀನುಗಾರಿಕೆ ನಿಷೇಧವೂ ಇಲ್ಲದ ಫೆಬ್ರವರಿ ತಿಂಗಳಿನಲ್ಲಿ ನಾನು ಫೋರ್ಕಿನಿಂದ ತಿಂದೆ. ನಮ್ಮೂರ ಬೈತಖೋಲದ ಮೀನುಗಾರ್ತಿಗೆ ಇದನ್ನು ತಿಳಿಸುವ ಧೈರ್ಯ ನನಗಿಲ್ಲ.

ಬಿಲ್ಲಿನ ಬಗ್ಗೆ ಎರಡು ಮಾತು. ‘ಎಲ್ಲವೂ ಸೇರಿದೆ’ ಎಂಬ ವಾಕ್ಯದಲ್ಲಿ ಏನೇನು ಸೇರಿಲ್ಲವೆಂಬುದನ್ನು ಮೊದಲೇ ಓದಬೇಕು. ದೊಡ್ಡ ವಿದೇಶಿ ಹಡಗುಗಳಲ್ಲಿ ತಲೆಗೆ ದಿನಕ್ಕೆ ಇಷ್ಟು ಡಾಲರ್ ಎಂದು ಭಕ್ಷೀಸು ತಾನಾಗಿಯೇ ಖಾತೆಗೆ ಏರುತ್ತದೆ. ಕೊಡುವ ಮನಸ್ಸು ಬರುವವರೆಗೆ ಕಾಯುವ ಹಳೆಯ ಪದ್ಧತಿ ಅಲ್ಲಿಲ್ಲ. ಫೋನನ್ನು ಬಂದರು ಬಿಡುವಾಗಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಬೇಕು. ಇಲ್ಲದಿದ್ದರೆ ಹಡಗಿನದೇ ಉಪಗ್ರಹ ಜಾಲ ಅದನ್ನು ಹಿಡಿದುಕೊಂಡು, ಒಂದು ಗುಡ್‌ಮಾರ್ನಿಂಗ್ ಹೂವಿನ ಚಿತ್ರಕ್ಕೆ ಒಂದು ಚೀಲ ಅಕ್ಕಿಯ ದರ ಹಾಕೀತು. ವೈಫೈ ಬೇಕಾದವರು ಪ್ಯಾಕೇಜು ಕೊಳ್ಳಬೇಕು. ನಾನು ಕೊಂಡೆ, ಅದೂ ಒಂದೇ ರಾತ್ರಿಗೆ.

ಆ ರಾತ್ರಿ ನಾವು ಕಾರವಾರದ ಎದುರು ಹಾಯುವುದಿತ್ತು. ಕ್ಯಾಬಿನ್ನಿನ ಟಿ.ವಿ.ಯ ನಕ್ಷೆಯಲ್ಲಿ ಮುಂಬಯಿ, ಗೋವಾ, ಕೊಚ್ಚಿಗಳಿದ್ದವು. ನಮ್ಮ ಊರಿರಬೇಕಾದ ಕಡೆ ಬರಿಯ ಗೆರೆ. ನಾಲ್ವರೂ ಎಡಗಡೆಯ ಡೆಕ್ಕಿಗೆ ಹೋಗಿ ನಿಂತೆವು. ಒಳಗೆ ಡಿಜೆ ಸಂಗೀತಕ್ಕೆ ನೆಲ ಅದುರುತ್ತಿತ್ತು, ಕ್ಯಾಸಿನೋ ತುಂಬಿತ್ತು. ಹೊರಗೆ ನಮ್ಮನ್ನು ಬಿಟ್ಟರೆ ಸಿಗರೇಟು ಸೇದುವವರಿಬ್ಬರು ಮಾತ್ರ ಇದ್ದರು. ಸ್ವಲ್ಪ ಹೊತ್ತಿನಲ್ಲಿ ಸಾಲಾಗಿ ಪ್ರಖರವಾದ ಬಿಳಿಯ ದೀಪಗಳು ಕಂಡವು. ಸೇದುವವರಲ್ಲೊಬ್ಬರು, ಅದೇ ಕಾರವಾರದ ಬೀಚು, ಎಷ್ಟು ಚೆನ್ನಾಗಿ ಅಭಿವೃದ್ಧಿ ಮಾಡಿದ್ದಾರೆ ನೋಡಿ ಎಂದರು. ನೀರಿನ ಮೇಲೆ ಅಷ್ಟು ಬೆಳಕು ಚೆಲ್ಲುವವರು ಯಾರೆಂಬ ಅನುಮಾನ ನನಗಿದ್ದರೂ, 2017ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದ, ಮೀನನ್ನು ಎಲ್‌ಇಡಿ ಬೆಳಕಿಗೆ ಸೆಳೆದು ಹಿಡಿಯುವ ಮೀನುಗಾರಿಕೆಯ ಬಗ್ಗೆ ಅವರಿಗೆ ಹೇಳಿ ಆ ಸಂತೋಷವನ್ನು ಕೆಡಿಸಲಿಲ್ಲ. ಅದರಾಚೆ, ಬಹಳ ದೂರದಲ್ಲಿ, ಮಂಕಾದ ಒಂದೇ ಒಂದು ಚುಕ್ಕೆಯಿತ್ತು. ನಮ್ಮೂರು ಅದೇ ಇರಬೇಕೆಂದು ನಾಲ್ವರೂ ಸರ್ವಾನುಮತದಿಂದ ತೀರ್ಮಾನಿಸಿದೆವು. ನಾನು ಅದರ ಫೋಟೋ ತೆಗೆದು, ವೈಫೈಯಲ್ಲಿ ನಮ್ಮ ನೆರೆಮನೆಯವರಿಗೆ ಕಳುಹಿಸಿ, ‘ಇದು ನಮ್ಮ ಊರೇ?’ ಎಂದು ಕೇಳಿದೆ.

ಕೊಚ್ಚಿಯಲ್ಲಿ ಇಳಿದು ಫೋನು ತೆರೆದಾಗ ಅವರ ಸಂದೇಶ ಬಂದಿತ್ತು. ಅವರೂ ಅಂದು ಊಟ ಮುಗಿಸಿ ಟ್ಯಾಗೋರ್ ಬೀಚಿಗೆ ಗಾಳಿ ತಿನ್ನಲು ಹೋಗಿ, ಕಡಲಿನ ಕಡೆ ಕಂಡದ್ದರ ಫೋಟೋ ತೆಗೆದು, ‘ಇದು ನಿಮ್ಮ ಹಡಗೇ?’ ಎಂದು ಕೇಳಿದ್ದರು. ಪೂರ್ತಿ ಕಪ್ಪು, ನಡುವೆ ಮಂಕಾದ ಒಂದು ಚುಕ್ಕೆ. ಎರಡು ಫೋಟೋಗಳನ್ನೂ ಹಿಂದೆ ಮುಂದೆ ಸರಿಸಿ ನೋಡಿದ ನನ್ನ ಹೆಂಡತಿ, ಇವುಗಳಲ್ಲಿ ನಾವು ತೆಗೆದದ್ದು ಯಾವುದೆಂದು ಕೇಳಿದಳು. ನನಗೂ ಗೊತ್ತಾಗಲಿಲ್ಲ, ಕೊನೆಗೆ ವೈಫೈಯ ಬಿಲ್ಲಿನಲ್ಲಿದ್ದ ಸಮಯವನ್ನು ತಾಳೆ ಹಾಕಿ ಪತ್ತೆಹಚ್ಚಿದೆವು.