ಒಪ್ಪಿಡುವುದು ಬೇರೆ, ಒಪ್ಪುವುದು ಬೇರೆ

"ಇವಿಡೆ ಒಪ್ಪಿಡ್." ಇವತ್ತು ಪೇಟೆಯ ಒಂದು ಸಾಲದ ಕೌಂಟರಿನಲ್ಲಿ ಹುಡುಗನೊಬ್ಬ ನಾಲ್ಕು ಪುಟದ ಮಲಯಾಳ ಫಾರ್ಮನ್ನು ಅಜ್ಜಿಯೊಬ್ಬರ ಮುಂದೆ ಸರಿಸಿ ಹೀಗೆ ಹೇಳಿದ. ಪೆನ್ಸಿಲಿನಲ್ಲಿ ಮೂರು ಕಡೆ ಇಂಟು ಗುರುತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಮೂರು ಕಡೆಯೂ ದುಂಡಗಿನ ಕನ್ನಡದಲ್ಲಿ ಹೆಸರು ಬರೆದರು. ಮೂರನೆಯ ಗುರುತಿನ ಮೇಲಿದ್ದ ಸಣ್ಣಕ್ಷರದ ಸಾಲು ಇಷ್ಟು: ನನ್ನ ವಿವರಗಳನ್ನು ಪಾಲುದಾರ ಕಂಪೆನಿಗಳಿಗೆ ಜಾಹೀರಾತಿಗಾಗಿ ಕೊಡಲು ಸಮ್ಮತ.

ಮಲಯಾಳದಲ್ಲಿ ಒಪ್ಪ್ ಅಂದರೆ ಸಹಿ. ಕನ್ನಡದಲ್ಲಿ ಒಪ್ಪು ಅಂದರೆ ಒಪ್ಪಿಗೆ. ಅಜ್ಜಿ ಮಾಡಿದ್ದು ಮೊದಲನೆಯದು, ಕಂಪೆನಿ ಬರೆದುಕೊಂಡದ್ದು ಎರಡನೆಯದು. ಕಾಸರಗೋಡಿನಲ್ಲಿ ದಿನಕ್ಕೆ ಎಷ್ಟು ಕೌಂಟರಿನಲ್ಲಿ ಇದು ನಡೆಯುತ್ತದೋ ದೇವರೇ ಬಲ್ಲ. ನಾವು ಮಾತ್ರ ಬೋರ್ಡಿನಲ್ಲಿ ಕನ್ನಡ ಇಲ್ಲ, ಬಸ್ಸಿನಲ್ಲಿ ಕನ್ನಡ ಇಲ್ಲ ಅಂತ ಗಂಟಲು ಹರಿದುಕೊಳ್ಳುತ್ತೇವೆ. ಸಹಿ ಹಾಕುವ ಕಾಗದದಲ್ಲಿ ಕನ್ನಡ ಇಲ್ಲದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಸತ್ತಿನದು. ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಆಚೆಗೂ ಈಚೆಗೂ ಒಂದೇ. ಅದರ 5 ಮತ್ತು 6ನೇ ಕಲಂ ಓದಿ. ಸಮ್ಮತಿ ಕೇಳುವವರು ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಅಂತ ಸರಳ ಭಾಷೆಯಲ್ಲಿ ಹೇಳಬೇಕು. ಅದನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿ ಉಂಟು, ಕೊಂಕಣಿಯೂ ಉಂಟು. ತುಳು, ಬ್ಯಾರಿ ಇಲ್ಲ. ಅವರಿಗೆ ಸದ್ಯ ಪಕ್ಕದ ಬಾಗಿಲೇ ಗತಿ.

ತಕ್ಷಣ ಒಬ್ಬರು ಬರುತ್ತಾರೆ: "ಕೇರಳದಲ್ಲಿದ್ದು ಮಲಯಾಳ ಓದಲಿಕ್ಕೆ ಬಾರದಾ?" ಬರುತ್ತದೆ ಮಾರಾಯ್ರೆ, ಸಿನಿಮಾ ಪೋಸ್ಟರಿನಿಂದ ಹಿಡಿದು ಕರೆಂಟ್ ಬಿಲ್ಲಿನವರೆಗೆ ಓದುತ್ತೇನೆ. ಆದರೆ ಕಾಯ್ದೆ ನನಗೆ ಏನು ಬರುತ್ತದೆ ಅಂತ ಕೇಳುವುದಿಲ್ಲ, ಏನು ಬೇಕು ಅಂತ ಕೇಳುತ್ತದೆ. ಇನ್ನೊಬ್ಬರದು ಹಳೇ ರಾಗ: "ಮುಚ್ಚಿಡಲಿಕ್ಕೆ ನನ್ನಲ್ಲಿ ಎಂತ ಉಂಟು?" ಹಾಗಾದರೆ ಪಾಸ್‌ಬುಕ್ ಗೇಟಿಗೆ ಕಟ್ಟಿಡಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ಹೇಳಿದರು. ಅಲ್ಲಿಯವರೆಗೆ ಕೇಸು ಎಳೆದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅವರಲ್ಲಿಯೂ ಮುಚ್ಚಿಡುವಂಥದ್ದು ಏನೂ ಇದ್ದಿರಲಿಕ್ಕಿಲ್ಲ.

ಒಂದು ಸಂಗತಿ ನೇರವಾಗಿ ಹೇಳಬೇಕು, ಇಲ್ಲದಿದ್ದರೆ ನಾಳೆ ಕೌಂಟರಿನಲ್ಲಿ ನೀವು ಬೆಪ್ಪಾಗುತ್ತೀರಿ. ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ನೋಟಿಸು, ಸಮ್ಮತಿಯ ಕಲಂಗಳಿಗೆ 18 ತಿಂಗಳ ಗಡುವು. ಆ ಲೆಕ್ಕಕ್ಕೆ 2027ರ ಮೇ. ಅಷ್ಟರವರೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ ಮತ್ತು 2011ರ ನಿಯಮಗಳು. ಅವು ಕಾಯುವುದು ಪಾಸ್‌ವರ್ಡ್, ಬ್ಯಾಂಕ್ ವಿವರ, ಆರೋಗ್ಯದ ದಾಖಲೆ, ಬೆರಳಚ್ಚಿನಂಥ ಸೂಕ್ಷ್ಮ ಮಾಹಿತಿಯನ್ನು. ಬರೀ ಫೋನ್ ನಂಬರು ಅದರಲ್ಲಿ ಬರುವುದಿಲ್ಲ. ಆದರೂ ಕೊಟ್ಟ ಸಮ್ಮತಿಯನ್ನು ಬರಹದಲ್ಲಿ ಹಿಂದೆಗೆಯುವ ಹಕ್ಕು ಅಲ್ಲಿಯೇ ಉಂಟು, ದೂರು ಬಂದರೆ ಕಂಪೆನಿಯ ದೂರು ಅಧಿಕಾರಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಹೊಸ ನಿಯಮದಲ್ಲಿ ಗಡುವು 90 ದಿನ. ಪ್ರಗತಿ ಅಂದರೆ ಇದೇ ಇರಬೇಕು.

ಇನ್ನೂ ರೇಗುವುದು ದಂಡದ ವಿಚಾರಕ್ಕೆ. ಭದ್ರತೆ ಸರಿಯಿಲ್ಲದೆ ಮಾಹಿತಿ ಸೋರಿದರೆ 250 ಕೋಟಿವರೆಗೆ ದಂಡ ಅಂತ ಎಲ್ಲರೂ ಕುಣಿದರು. ಆ ದುಡ್ಡು ಹೋಗುವುದು ಕೇಂದ್ರದ ಸಂಚಿತ ನಿಧಿಗೆ, ಅಜ್ಜಿಗೆ ನಯಾ ಪೈಸೆ ಇಲ್ಲ. ನಷ್ಟಪರಿಹಾರ ಕೊಡಿಸುತ್ತಿದ್ದ 43ಎ ಕಲಮನ್ನು ಹೊಸ ಕಾಯ್ದೆಯೇ ಕಿತ್ತುಹಾಕುತ್ತದೆ. ಮೇಲಿಂದ ಸುಳ್ಳು ದೂರು ಕೊಟ್ಟರೆ ನಿಮಗೇ 10,000 ರೂಪಾಯಿವರೆಗೆ ದಂಡ.

ಸರ್ಕಾರಿ ಕಚೇರಿಯ ಕತೆ ಬೇರೆ. ಸಬ್ಸಿಡಿ, ಪಿಂಚಣಿ, ಸರ್ಟಿಫಿಕೇಟಿನ ವಿಚಾರದಲ್ಲಿ 7ನೇ ಕಲಮಿನ ಪ್ರಕಾರ ನಿಮ್ಮ ಸಮ್ಮತಿ ಕೇಳಲೇಬೇಕು ಅಂತಿಲ್ಲ. ಅಲ್ಲಿ ಹಿಡಿಯಬೇಕಾದ್ದು ಕೇರಳದ್ದೇ 1969ರ ಆಡಳಿತ ಭಾಷಾ ಕಾಯ್ದೆ: ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು.

"ನನ್ನ ಡೇಟಾ ನನ್ನ ಸ್ವತ್ತಲ್ಲವಾ?" ಅಂತ ಕೇಳುವವರಿಗೆ: ಅಲ್ಲ. ಕಾಯ್ದೆಯಲ್ಲಿ ಒಡೆತನದ ಮಾತೇ ಇಲ್ಲ. ಇರುವುದು ಏನು ಇಟ್ಟುಕೊಂಡಿದ್ದೀರಿ ಅಂತ ಕೇಳುವ, ತಿದ್ದಿಸುವ, ಅಳಿಸುವ, ಸಮ್ಮತಿ ಹಿಂದೆಗೆಯುವ ಹಕ್ಕುಗಳು. ಮದುವೆ ಫೋಟೊ ಬೇರೆ ಲೆಕ್ಕ. ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದವರೇ ಮೊದಲ ಹಕ್ಕುದಾರರು, 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ. ಸ್ಟುಡಿಯೋದವರು ಕೇಳದೆ ರೀಲ್ಸ್ ಮಾಡುವಂತಿಲ್ಲ. ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗೆ ಓಡುವ ನಮಗೆ ಇನ್ನೊಂದು: ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ವೃತ್ತಿ ನಡತೆಯ 2002ರ ನಿಯಮ. "ಫೇಸ್‌ಬುಕ್‌ಗೆ ನನ್ನ ಫೋಟೊ ಬಳಸಲು ಅನುಮತಿ ಇಲ್ಲ, ಇದನ್ನು ಕಾಪಿ ಮಾಡಿ ಹಾಕಿ" ಅಂತ ಹಾಕುತ್ತೀರಲ್ಲ, ಅದಕ್ಕೆ ಕಾಸಿನ ಬೆಲೆ ಇಲ್ಲ. ಖಾತೆ ತೆರೆದ ದಿನವೇ ಬಳಸಲು ಲೈಸೆನ್ಸ್ ಕೊಟ್ಟಾಗಿದೆ. ನಾನೂ ಕೊಟ್ಟವನೇ, ಓದದೆ.

ತಮಾಷೆ ನೋಡಿ, ನಮ್ಮಲ್ಲಿ ಆಧಾರ ಅಂದರೆ ಜಾಗದ ದಸ್ತಾವೇಜು. ಅದು ಕಪಾಟಿನೊಳಗೆ ಬೀಗ ಹಾಕಿ ಭದ್ರ. ಇನ್ನೊಂದು ಆಧಾರ್ ಮಾತ್ರ ಝೆರಾಕ್ಸ್ ಅಂಗಡಿಯ ವಾಟ್ಸಾಪಿಗೆ, ಪಾಸ್‌ವರ್ಡ್ ಸಮೇತ. ಪ್ರಿಂಟ್ ಆದ ಮೇಲೆ ನೀವು ಚಾಟಿನಲ್ಲಿ ಡಿಲೀಟ್ ಒತ್ತಿದರೂ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿಗೆ ಇಳಿದ ಫೈಲು ಅಲ್ಲಿಯೇ ಇರುತ್ತದೆ. ಎದುರು ನಿಂತು ಶಿಫ್ಟ್ ಒತ್ತಿ ಡಿಲೀಟ್ ಮಾಡಿಸಿ; ಬರೀ ಡಿಲೀಟ್ ಆದರೆ ರೀಸೈಕಲ್ ಬಿನ್ನಿಗೆ ಹೋಗಿ ಕೂರುತ್ತದೆ. ಕೊಡುವುದಾದರೆ ಮಾಸ್ಕ್ ಮಾಡಿದ ಆಧಾರ್ ಕೊಡಿ, ಮೈಆಧಾರ್ ಪೋರ್ಟಲಿನಲ್ಲಿ ಡೌನ್‌ಲೋಡಿನ ಹೊತ್ತಿಗೆ ಆಯ್ಕೆ ಬರುತ್ತದೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಆ ಫೈಲು ತೆರೆಯುವ ಪಾಸ್‌ವರ್ಡು ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ ಮತ್ತು ಹುಟ್ಟಿದ ಇಸವಿ. ನಮ್ಮವರು ಸಿಕ್ಕಿಬೀಳುವುದು ಇನಿಷಿಯಲ್ಲಿನಲ್ಲಿ: ಕಾರ್ಡಿನಲ್ಲಿ ಮೊದಲು ಇನಿಷಿಯಲ್, ಚುಕ್ಕೆ ಇದ್ದರೆ ಆ ಚುಕ್ಕೆಯೂ ನಾಲ್ಕರಲ್ಲಿ ಒಂದು. ಝೆರಾಕ್ಸೇ ಕೊಡಬೇಕಾಗಿ ಬಂದರೆ ಯಾತಕ್ಕೆ ಅಂತ ಬರೆದು, ತಾರೀಕು ಹಾಕಿ, ಅಡ್ಡ ಗೆರೆ ಎಳೆಯಿರಿ. ಅದು ಮಂತ್ರವಲ್ಲ, ಆದರೆ ನಾಳೆ ಬೇರೆಲ್ಲೋ ಸಿಕ್ಕಿದರೆ ಸಾಕ್ಷಿ.

ಆಧಾರಿನ ಬೆರಳಚ್ಚಿಗೂ ಬೀಗ (ಲಾಕ್) ಹಾಕಬಹುದು. ಆದರೆ ಬೀಗ ಹಾಕಿ ಮರೆತು ರೇಷನ್ ಅಂಗಡಿಯಲ್ಲಿ ಬೆರಳಿಟ್ಟರೆ 330 ಅಂತ ಎರರ್ ಬರುತ್ತದೆ; ಮಿಷನ್ ಹಾಳಾದದ್ದಲ್ಲ. ಬೀಗ ತೆಗೆದು ಮತ್ತೆ ಬೆರಳಿಡಿ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಝೆರಾಕ್ಸ್ ಕೊಡಬೇಡಿ ಅಂತ ಪ್ರಕಟಣೆ ಹೊರಡಿಸಿತ್ತು. ಜನ ತಪ್ಪು ತಿಳಿಯುತ್ತಾರೆ ಅಂತ ಎರಡೇ ದಿನಕ್ಕೆ ಕೇಂದ್ರ ಅದನ್ನು ವಾಪಸು ಪಡೆಯಿತು. ಜನ ಸರಿಯಾಗಿಯೇ ತಿಳಿದುಕೊಂಡರು ಅನ್ನುವುದು ನನ್ನ ಗುಮಾನಿ.

ಮತ್ತೆ ಅಜ್ಜಿಯ ಫಾರ್ಮಿಗೆ. ಸಾಲಕ್ಕೆ ಬೇಡದ ಸಮ್ಮತಿಯನ್ನು ಸಾಲದ ಜೊತೆ ಕಟ್ಟಿ ಕೇಳುವುದೇ ತಪ್ಪು. ಹೊಸ ಕಾಯ್ದೆಯೇ ಉದಾಹರಣೆ ಕೊಟ್ಟಿದೆ: ಫೋನಿನಲ್ಲಿ ಡಾಕ್ಟರನ್ನು ತೋರಿಸುವ ಆಪ್ ಕಾಂಟ್ಯಾಕ್ಟ್ ಲಿಸ್ಟಿಗೂ ಸಮ್ಮತಿ ಕೇಳಿ ನೀವು ಹೂಂ ಅಂದರೂ, ಚಿಕಿತ್ಸೆಗೆ ಬೇಕಾದಷ್ಟಕ್ಕೆ ಮಾತ್ರ ಆ ಹೂಂ. ಮೂರನೆಯ ಇಂಟು ಗುರುತಿನ ಸಾಲನ್ನು ಹೊಡೆದುಹಾಕಿ, ಉಳಿದೆರಡು ಕಡೆ ಸಹಿ ಮಾಡಿ. ಆಗಲೇ ಮಾಡಿದ್ದರೆ ಇಷ್ಟು ಬರೆದು ದೂರು ಅಧಿಕಾರಿಯ ಇಮೇಲಿಗೆ ಕಳಿಸಿ. ವಿಳಾಸ ಕಂಪೆನಿಯ ವೆಬ್‌ಸೈಟಿನಲ್ಲಿ, ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಸಣ್ಣಕ್ಷರದಲ್ಲಿ ಇರುತ್ತದೆ:

"ಇಂಥ ತಾರೀಕಿನ ಅರ್ಜಿಯಲ್ಲಿ ನನ್ನ ಮಾಹಿತಿಯನ್ನು ಜಾಹೀರಾತಿಗಾಗಿ ಇತರರಿಗೆ ಕೊಡಲು ನೀಡಿದ ಸಮ್ಮತಿಯನ್ನು ಹಿಂದೆಗೆದಿದ್ದೇನೆ. ಈವರೆಗೆ ಯಾರಿಗೆ ಕೊಟ್ಟಿದ್ದೀರಿ ತಿಳಿಸಿ. ಉತ್ತರ ಕನ್ನಡದಲ್ಲಿರಲಿ."

ಉತ್ತರ ಮಲಯಾಳದಲ್ಲಿ ಬಂದರೆ ನನಗೊಂದು ಫೋಟೊ ಕಳಿಸಿ. ನಿಮ್ಮ ನಂಬರಿನ ಮೇಲೆ ಬೆರಳಿಟ್ಟು.